ಶಂಖದ ಸುಣ್ಣ

ಓದಿದವನ ಕೈಗೆ ಸುಣ್ಣ ಕೊಡಬೇಡಿ. ಇದು ಗಾದೆಯಲ್ಲ, ನಾನೇ ಕಟ್ಟಿಕೊಂಡ ಮಾತು. ಗಾದೆ ಕಟ್ಟುವಷ್ಟು ದೊಡ್ಡ ಮನುಷ್ಯ ನಾನಲ್ಲ, ಆದರೆ ಈ ಒಂದು ವಿಷಯದಲ್ಲಿ ನನ್ನಷ್ಟು ಅನುಭವಸ್ಥರು ಇಡೀ ಕಲ್ಕತ್ತದಲ್ಲಿ ಸಿಕ್ಕಲಿಕ್ಕಿಲ್ಲ. ನಮ್ಮ ಅತ್ತಿಗೆಯ ಕಣ್ಣು ಹೋದದ್ದು ನನ್ನ ಓದಿನಿಂದ. ಸುತ್ತಿ ಬಳಸಿ ಹೇಳುವ ವಯಸ್ಸು ಈಗ ನನ್ನದಲ್ಲ, ಹಾಗಾಗಿ ಮೊದಲೇ ಹೇಳಿಬಿಟ್ಟೆ.

ನಾನು ಆರು ವರ್ಷದವನಿದ್ದಾಗ ಅತ್ತಿಗೆ ಮದುವೆಯಾಗಿ ನಮ್ಮ ಮನೆಗೆ ಬಂದರು. ಅಪ್ಪ ಅಮ್ಮ ಇಬ್ಬರೂ ಆಗಲೇ ತೀರಿಹೋಗಿದ್ದರು. ಅಣ್ಣ ನನಗಿಂತ ಹದಿನಾರು ವರ್ಷ ದೊಡ್ಡವನು. ಉಡುಪಿ ಕಡೆಯ ಎಷ್ಟೋ ಜನರ ಹಾಗೆ ಮೀಸೆ ಮೂಡುವ ಮೊದಲೇ ರೈಲು ಹತ್ತಿ ಕಲ್ಕತ್ತಕ್ಕೆ ಬಂದು, ಇನ್ನೊಬ್ಬರ ಹೋಟೆಲಿನಲ್ಲಿ ದೋಸೆ ಹೊಯ್ದು, ಕೊನೆಗೆ ಲೇಕ್ ಮಾರ್ಕೆಟಿನ ಹತ್ತಿರ ಸ್ವಂತದ್ದೊಂದು ಹೋಟೆಲು ಇಟ್ಟು, ಅತ್ತಿಗೆಯನ್ನೂ ನನ್ನನ್ನೂ ಅಲ್ಲಿಗೆ ಕರೆಸಿಕೊಂಡ. ಕೆಳಗೆ ಹೋಟೆಲು, ಮೇಲೆ ನಮ್ಮ ಎರಡು ಕೋಣೆ. ಅವರಿಗೆ ಮಕ್ಕಳಾಗಲಿಲ್ಲ. ಮಗನೂ ನಾನೇ, ಮೈದುನನೂ ನಾನೇ. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಬಂಗಾಳಿ, ಕನ್ನಡ ಬೇಕಿದ್ದರೆ ಅತ್ತಿಗೆಯ ಎದುರು ಮಣೆ ಹಾಕಿಕೊಂಡು ಕೂರಬೇಕಿತ್ತು. ಒತ್ತಕ್ಷರ ತಪ್ಪಿದರೆ ಸೌಟಿನ ಹಿಡಿಯಿಂದ ಗೆಣ್ಣಿಗೆ ಒಂದು ಬೀಳುತ್ತಿತ್ತು. ಇವತ್ತು ಈ ನಾಲ್ಕು ಸಾಲು ಬರೆಯುತ್ತಿದ್ದೇನಲ್ಲ, ಅದು ಆ ಸೌಟಿನ ಪುಣ್ಯ.

ಅತ್ತಿಗೆಯ ಕನ್ನಡ ನನ್ನೊಬ್ಬನಿಗೇ ಮೀಸಲಾಗಿರಲಿಲ್ಲ. ಹೋಟೆಲಿನಲ್ಲಿ ಊರ ಕಡೆಯ ಏಳೆಂಟು ಜನ ಕೆಲಸಕ್ಕಿದ್ದರು. ಒಬ್ಬಿಬ್ಬರನ್ನು ಬಿಟ್ಟರೆ ಯಾರಿಗೂ ಸರಿಯಾಗಿ ಬರೆಯಲು ಬರುತ್ತಿರಲಿಲ್ಲ. ಭಾನುವಾರ ಊಟದ ಗಿರಾಕಿಗಳು ಖಾಲಿಯಾಗಿ ಸಂಜೆಯ ತಿಂಡಿ ಶುರುವಾಗುವ ನಡುವೆ ಎರಡು ಗಂಟೆ ಬಿಡುವು ಸಿಗುತ್ತಿತ್ತು. ಆ ಹೊತ್ತಿಗೆ ಅತ್ತಿಗೆ ಕೆಳಗಿಳಿದು ಬಂದು ಮೂಲೆಯ ಮೇಜಿಗೆ ಕೂರುವರು, ಎದುರಿಗೆ ಇನ್‌ಲ್ಯಾಂಡ್ ಲೆಟರುಗಳ ಕಟ್ಟು, ಬಾಯಲ್ಲಿ ಎಲೆಯಡಿಕೆ. ಒಬ್ಬೊಬ್ಬರಾಗಿ ಬಂದು ಹೇಳುವರು, ಅತ್ತಿಗೆ ಬರೆಯುವರು. ಯಾರ ಹೆಂಡತಿಗೆ ಎಷ್ಟನೇ ತಿಂಗಳು, ಯಾರ ತಂಗಿಯ ಸಂಬಂಧ ಯಾಕೆ ಮುರಿಯಿತು, ಯಾರ ಅಪ್ಪ ಕುಡಿದು ಎಲ್ಲಿ ಬಿದ್ದ, ಎಲ್ಲ ಅವರಿಗೆ ಗೊತ್ತು. ಹೇಳುವವ ಅತ್ತರೆ, "ಅಳು, ಅತ್ತು ಮುಗ್ಸು, ಆಮೇಲೆ ಬರೀತೇನೆ. ಕಾಗದ ಒದ್ದೆಯಾದ್ರೆ ನಿನ್ನ ಅಮ್ಮ ಹೆದ್ರಿಯಾರು" ಅನ್ನುವರು. ಅಕ್ಷರ ಮುತ್ತು ಪೋಣಿಸಿದ ಹಾಗೆ ಇರುತ್ತಿತ್ತು. ಊರಲ್ಲಿ ಆ ಕಾಗದಗಳನ್ನು ಓದಿಹೇಳುವ ಮೇಷ್ಟರು ಯಾರು ಬರೆದದ್ದು ಎಂದು ವಿಚಾರಿಸುತ್ತಿದ್ದರಂತೆ.

ನಾನು ರಸಾಯನಶಾಸ್ತ್ರ ಓದಿ ಸರ್ಕಾರದ ಒಂದು ಪ್ರಯೋಗಾಲಯದಲ್ಲಿ ನೌಕರಿ ಹಿಡಿದದ್ದು ಅರವತ್ತರ ದಶಕದ ಕೊನೆಯಲ್ಲಿ. ಎಲ್ಲೆಲ್ಲಿಯ ಗಣಿಗಳಿಂದಲೋ ಸುಣ್ಣದಕಲ್ಲಿನ ಮಾದರಿಗಳು ಚೀಲದಲ್ಲಿ ಬರುತ್ತಿದ್ದವು. ಅದನ್ನು ಪುಡಿ ಮಾಡಿ, ಪುಟ್ಟ ಬಟ್ಟಲಿನಂಥ ಮೂಸೆಯಲ್ಲಿ ತೂಗಿ ಇಟ್ಟು, ವಿದ್ಯುತ್ ಕುಲುಮೆಯೊಳಗೆ ಒಂಬೈನೂರು ಡಿಗ್ರಿಯ ಮೇಲೆ ಕಾಯಿಸುವುದು ನನ್ನ ಕೆಲಸ. ಅಷ್ಟು ಕಾವಿಗೆ ಕಲ್ಲಿನೊಳಗೆ ಸೇರಿಕೊಂಡ ಇಂಗಾಲದ ಡೈಆಕ್ಸೈಡ್ ಬಿಟ್ಟು ಹೊರಟುಹೋಗುತ್ತದೆ, ಸುಟ್ಟ ಸುಣ್ಣ ಮಾತ್ರ ಉಳಿಯುತ್ತದೆ. ಅಪ್ಪಟ ಕಲ್ಲಾದರೆ ನೂರು ಗ್ರಾಮಿಗೆ ಉಳಿಯುವುದು ಐವತ್ತಾರು. ಹೊರತೆಗೆದು, ತೇವ ತಾಗದ ಹಾಗೆ ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಆರಿಸಿ, ತೂಗಬೇಕು. ಮತ್ತೆ ಕುಲುಮೆಗಿಟ್ಟು, ಮತ್ತೆ ಆರಿಸಿ, ಮತ್ತೆ ತೂಗಬೇಕು. ಹಿಂದಿನ ತೂಕವೂ ಈ ತೂಕವೂ ಒಂದೇ ಆಗುವವರೆಗೆ ಬಿಡುವ ಹಾಗಿಲ್ಲ. ಇದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಬೇರೆಯವರು ಎರಡು ಸಲಕ್ಕೆ ಕೈ ತೊಳೆದುಕೊಂಡರೆ ನಾನು ಮೂರು ಸಲ ಕಾಯಿಸುತ್ತಿದ್ದೆ. ಸೊಕ್ಕು, ಮತ್ತೇನಿಲ್ಲ.

ಮನೆಯಲ್ಲಿ ಇದನ್ನೆಲ್ಲ ಕೊಚ್ಚಿಕೊಳ್ಳುತ್ತಿದ್ದೆ. ಅಣ್ಣನಿಗೆ ಹಿಟ್ಟು ಹುಳಿ ಬಂತೋ ಇಲ್ಲವೋ ಅನ್ನುವುದಕ್ಕಿಂತ ದೊಡ್ಡ ರಸಾಯನಶಾಸ್ತ್ರ ಬೇಕಿರಲಿಲ್ಲ. ಅತ್ತಿಗೆ ಮಾತ್ರ ಕೇಳುವರು. ಕೇಳಿ, "ಹೌದಾ ಮಾರಾಯ? ಕಲ್ಲನ್ನ ಬೇಯಿಸ್ಲಿಕ್ಕೆ ನಿಂಗೆ ಸರ್ಕಾರ ಸಂಬಳ ಕೊಡ್ತದಾ? ನಮ್ಮ ಹೊಳೆಬದಿಯಲ್ಲಿ ಆ ಕೆಲ್ಸ ಹೆಂಗಸ್ರು ಮಾಡ್ತಿದ್ರು" ಅನ್ನುವರು.

ಅವರ ತವರು ಹೊಳೆ ಸಮುದ್ರ ಸೇರುವ ಜಾಗದಲ್ಲಿತ್ತು. ಅಲ್ಲಿ ಚಿಪ್ಪು ಆಯ್ದು, ಇದ್ದಿಲಿನ ಜೊತೆ ಗೂಡಿಗೆ ಹಾಕಿ ಸುಡುತ್ತಿದ್ದರು. ಆ ಚಿಪ್ಪಿನ ಸುಣ್ಣ ತಿಂದು ಬೆಳೆದ ನಾಲಗೆ ಅತ್ತಿಗೆಯದ್ದು. ಕಲ್ಕತ್ತದ ಪಾನ್ ಅಂಗಡಿಯ ಸುಣ್ಣ ಅವರಿಗೆ ಆಗಿಬರುತ್ತಿರಲಿಲ್ಲ. "ಥೂ, ಇದು ಸುಣ್ಣವಾ? ನಾಲಗೆಯ ಸಿಪ್ಪೆ ಕಿತ್ತು ಬರ್ತದೆ" ಎಂದು ಉಗಿಯುವರು. ಊರಿಂದ ಬರುವವರು ಯಾರಾದರೂ ಒಂದು ಡಬ್ಬಿ ಚಿಪ್ಪಿನ ಸುಣ್ಣ ತಂದರೆ ಅದನ್ನು ಬೆರಳ ತುದಿಯಲ್ಲಿ ಅಷ್ಟಷ್ಟೇ ತೆಗೆದು ಆರು ತಿಂಗಳು ತಳ್ಳುವರು. ಆ ವರ್ಷ ಯಾರೂ ಬರಲಿಲ್ಲ. ಆಗ ಬಂಗಾಲದಲ್ಲಿ ದಿನ ಬೆಳಗಾದರೆ ಬಂದ್, ಬಾಂಬು, ಗಲಾಟೆ. ಊರಿನವರು ಈ ಕಡೆ ತಲೆ ಹಾಕಿ ಮಲಗಲೂ ಹೆದರುತ್ತಿದ್ದರು. ಅತ್ತಿಗೆ ಎಲೆ ಮಡಿಚುವಾಗಲೆಲ್ಲ ಗೊಣಗುವುದು ಕೇಳಿ ಕೇಳಿ ನನ್ನ ಪಾಂಡಿತ್ಯ ಎದ್ದು ಕೂತಿತು.

"ಚಿಪ್ಪು ಯಾಕೆ ಅತ್ತಿಗೆ? ಶಂಖವೂ ಅದೇ ವಸ್ತು. ಊರಿನ ಗೂಡಿನಲ್ಲಿ ಬೂದಿಯೂ ಮಣ್ಣೂ ಸೇರ್ತದೆ. ನಾನು ಅಪ್ಪಟ ಸುಣ್ಣ ಮಾಡಿ ಕೊಡ್ತೇನೆ, ಜನ್ಮದಲ್ಲಿ ತಿಂದಿರ್ಲಿಕ್ಕಿಲ್ಲ ನೀವು" ಅಂದೆ.

"ಮಾಡು ನೋಡುವ. ಇಷ್ಟು ವರ್ಷ ಬೇಯಿಸಿ ಹಾಕಿದ್ದಕ್ಕೆ ಸುಣ್ಣವಾದ್ರೂ ತಿನ್ಸು" ಎಂದು ನಕ್ಕರು.

ಬಾಗ್‌ಬಜಾರಿನ ಕಡೆ ಶಂಖ ಕೊಯ್ದು ಬಳೆ ಮಾಡುವವರ ಓಣಿ ಇದೆ. ಬಂಗಾಳಿ ಮುತ್ತೈದೆಯರು ತೊಡುವ ಬಿಳಿ ಬಳೆಗಳು ಅಲ್ಲಿ ಆಗುತ್ತವೆ. ಟ್ರಾಮ್ ಹತ್ತಿ ಹೋಗಿ, ಗರಗಸದ ಕೆಳಗೆ ಬಿದ್ದ ತುಂಡುಗಳನ್ನು ಒಂದು ಚೀಲ ಕೇಳಿ ತಂದೆ. ಪ್ರಯೋಗಾಲಯದಲ್ಲಿ ಕುಲುಮೆ ಖಾಲಿಯಿದ್ದ ದಿನ, ಮೇಲಿನವರ ಕಣ್ಣು ತಪ್ಪಿಸಿ, ತುಂಡುಗಳನ್ನು ಒಳಗಿಟ್ಟೆ. ಹೊರಬಂದಾಗ ಆಕಾರ ಹಾಗೇ ಇತ್ತು, ಗರಗಸದ ಗೆರೆ ಕೂಡ ಮಾಸಿರಲಿಲ್ಲ, ಆದರೆ ಕೈಯಲ್ಲಿ ಹಿಡಿದರೆ ಹೆಚ್ಚುಕಡಿಮೆ ಅರ್ಧ ಭಾರ ಹೋಗಿತ್ತು. ಅಷ್ಟಕ್ಕೇ ಸಾಕು ಅನ್ನಬಹುದಿತ್ತು. ನಾನು ಬಿಡಬೇಕಲ್ಲ? ನಮ್ಮ ಕ್ರಮ ಅಂದರೆ ಕ್ರಮ. ತೂಗಿದೆ, ಕಾವು ಇನ್ನೂ ನೂರು ಡಿಗ್ರಿ ಏರಿಸಿ ಮತ್ತೆ ಸುಟ್ಟೆ, ಮತ್ತೆ ತೂಗಿದೆ, ಮೂರನೇ ಸಲವೂ ಸುಟ್ಟೆ. ತೂಕ ಒಂದು ಕೂದಲೆಳೆಯೂ ಅಲುಗಲಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿ, ಗಾಳಿಯ ತೇವ ತಾಗದಂತೆ ಮುಚ್ಚಳಕ್ಕೆ ಮೇಣ ಬಳಿದು, ಕಿರೀಟ ತರುವವನ ಹಾಗೆ ಮನೆಗೆ ತಂದೆ.

ಅತಿಯಾಗಿ ಸುಟ್ಟ ಸುಣ್ಣಕ್ಕೆ ಒಂದು ಗುಣ ಉಂಟು. ಅದು ಗಟ್ಟಿಯಾಗಿ ಬಿಡುತ್ತದೆ, ನೀರು ಹಾಕಿದರೆ ಕೂಡಲೇ ಅರಳುವುದಿಲ್ಲ. ಸುಮ್ಮನೆ ಕೂತಿದ್ದು, ಇದರ ಕತೆ ಮುಗಿಯಿತು ಎಂದು ನಮಗೆ ಅನಿಸಿದ ಮೇಲೆ ಒಮ್ಮೆಗೇ ಏಳುತ್ತದೆ. ಇದು ಪುಸ್ತಕದಲ್ಲೂ ಇತ್ತು. ನಾನು ಓದಿಯೂ ಇದ್ದೆ. ಪರೀಕ್ಷೆಯಲ್ಲಿ ಕೇಳಿದ್ದರೆ ಪೂರ್ತಿ ಅಂಕ ತೆಗೆಯುತ್ತಿದ್ದೆ.

ಅದು ದುರ್ಗಾಪೂಜೆಗೆ ಮುಂಚಿನ ಒಂದು ಭಾನುವಾರ. ಅಣ್ಣ ಒಂದು ದೊಡ್ಡ ಸಮಾರಂಭದ ಅಡುಗೆಗೆ ಭವಾನೀಪುರಕ್ಕೆ ಹೋಗಿದ್ದ, ಕೆಲಸದವರನ್ನೆಲ್ಲ ಕರೆದುಕೊಂಡು ಹೋಗಿದ್ದ, ಹೋಟೆಲಿಗೆ ಬೀಗ. ಮನೆಯಲ್ಲಿ ಅತ್ತಿಗೆ, ನಾನು, ಮತ್ತೆ ಕಾಲು ಉಳುಕಿ ಹೋಗಲಾಗದೆ ಉಳಿದ ವಯಸ್ಸಾದ ಒಬ್ಬ ಅಡುಗೆಯವರು. ಹಿತ್ತಲಿನ ನಲ್ಲಿಯ ಹತ್ತಿರ ಮಣ್ಣಿನ ಹೊಸ ಕುಡಿಕೆಯೊಳಗೆ ಶಂಖದ ತುಂಡುಗಳನ್ನು ಹಾಕಿದೆ. ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಣೆ ಹಾಕಿಕೊಂಡು ಎದುರು ಕೂತರು. ನಾನು ಒಂದು ಚೊಂಬು ನೀರು ಹೊಯ್ದೆ.

ಏನೂ ಆಗಲಿಲ್ಲ.

"ಎಂತದು? ನಮ್ಮೂರಲ್ಲಿ ನೀರು ಬಿದ್ದ ಕೂಡ್ಲೇ ಚುಯ್ ಅಂತ ಅರಳ್ತದೆ. ಇದು ಕಲ್ಲಾಗಿಯೇ ಉಂಟಲ್ಲ" ಅಂದರು ಅತ್ತಿಗೆ.

"ತಡೀರಿ, ಆಗ್ತದೆ."

"ಸರ್ಕಾರಿ ಸುಣ್ಣ ಅಲ್ವಾ, ನಿಧಾನ!" ಎಂದು ಅಡುಗೆಯವರು ಬಾಗಿಲಲ್ಲಿ ಕೂತು ನಕ್ಕರು.

ಅವರು ನಕ್ಕದ್ದು ನನಗೆ ಎಲ್ಲಿ ಚುಚ್ಚಬೇಕೋ ಅಲ್ಲಿ ಚುಚ್ಚಿತು. ಒಳಗೆ ಹೋಗಿ, ಒಲೆಯ ಮೇಲೆ ಕುದಿಯುತ್ತಿದ್ದ ನೀರನ್ನು ಒಂದು ಸೌಟು ತಂದು ಹೊಯ್ದೆ. ಆಗಲೂ ಏನೂ ಆಗಲಿಲ್ಲ. ಒಂದು ನಿಮಿಷ ಹೋಯಿತು, ಎರಡು ಹೋಯಿತು. "ಸತ್ತುಹೋಯ್ತೋ ಇದು" ಎನ್ನುತ್ತ ಅತ್ತಿಗೆ ನೋಡಲು ಬಗ್ಗಿದರು. ಅದೇ ಕ್ಷಣಕ್ಕೆ ಕುಡಿಕೆ ಒಡೆದು, ಕುದಿಯುವ ಸುಣ್ಣ ಅವರ ಮುಖಕ್ಕೆ ಎರಚಿತು.

ಆ ಕೂಗು ಈಗಲೂ ಕೇಳುತ್ತದೆ, ಅದನ್ನು ಬರೆಯಲಾರೆ. ಅವರು ಕೈಯಿಂದ ಮುಖ ಮುಚ್ಚಿಕೊಂಡು ಕೂಗಿದ್ದು ಒಂದೇ ಮಾತು: "ನೀರು! ನೀರು ಹಾಕಿ!" ಗೂಡಿನ ಕೆಲಸ ನೋಡಿ ಬೆಳೆದವರು ಅವರು. ಅಲ್ಲಿ ಕಣ್ಣಿಗೆ ಸುಣ್ಣ ಬಿದ್ದರೆ ಹೆಂಗಸರು ಹೊಳೆಗೆ ಓಡಿ ಮುಖ ಮುಳುಗಿಸುತ್ತಿದ್ದರು. ಅಡುಗೆಯವರು ಕುಂಟುತ್ತಲೇ ನಲ್ಲಿಯ ಕೆಳಗಿದ್ದ ತುಂಬಿದ ಬಕೆಟ್ಟನ್ನು ಎತ್ತಿಕೊಂಡರು. ನಾನು ಅಡ್ಡ ಹಾರಿ ಅವರ ಕೈ ಹಿಡಿದೆ.

"ನೀರು ಹಾಕ್ಬೇಡಿ! ನೀರು ತಾಗಿದ್ರೆ ಕುದೀತದೆ, ಕಣ್ಣು ಬೇಯ್ತದೆ!"

"ಅಯ್ಯೋ, ನೀರು ಹಾಕೋ" ಎಂದರು ಅತ್ತಿಗೆ.

"ಬೇಡ ಅತ್ತಿಗೆ, ನಂಗೆ ಗೊತ್ತುಂಟು! ಎಣ್ಣೆ ತನ್ನಿ, ಕೊಬ್ಬರಿ ಎಣ್ಣೆ!"

ಮೂರನೇ ಸಲ ಅವರು ಕೂಗಿದಾಗ ನಾನು ಬಕೆಟ್ಟನ್ನು ಕಾಲಿಂದ ಅತ್ತ ತಳ್ಳಿದೆ. ಎಣ್ಣೆ ಬಂತು. ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿ ರೆಪ್ಪೆಯ ಸುತ್ತ ಒರೆಸಿದೆ. ಅವರು ಕೈಕಾಲು ಬಡಿಯುತ್ತಿದ್ದರು, ನಾನು "ಆಯ್ತು, ಆಯ್ತು" ಅನ್ನುತ್ತಿದ್ದೆ. ಟ್ಯಾಕ್ಸಿ ಸಿಕ್ಕಿ ಆಸ್ಪತ್ರೆ ಮುಟ್ಟುವಾಗ ಅರ್ಧ ಗಂಟೆಗೆ ಕಡಿಮೆಯಾಗಿರಲಿಲ್ಲ.

ಈಗ ಕೇಳಿ ನನ್ನ ವಿದ್ಯೆಯ ಮಹಿಮೆ. ಒಣ ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕುದಿಯುತ್ತದೆ, ನಿಜ. ಆದರೆ ಅತ್ತಿಗೆಯ ಕಣ್ಣಿಗೆ ಬಿದ್ದದ್ದು ಒಣ ಸುಣ್ಣವಲ್ಲ. ಅದು ಆಗಲೇ ನೀರು ಕುಡಿದು, ಕುದಿದು ಮುಗಿಸಿ, ಬಿಸಿ ಗಂಜಿಯಾಗಿತ್ತು. ಆ ನೀರನ್ನು ಎರಡು ಸಲ ಹೊಯ್ದವನು ನಾನೇ! ಹೊಸದಾಗಿ ಕುದಿಯಲು ಅದರಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಉಳಿದದ್ದು ಕಣ್ಣಿನ ಪೊರೆಯನ್ನು ತಿನ್ನುವ ಕ್ಷಾರ. ಬಕೆಟ್ಟಿನ ನೀರು ಅದನ್ನು ತೊಳೆದುಕೊಂಡು ಹೋಗುತ್ತಿತ್ತು. ಒಣ ಸುಣ್ಣವೇ ಬಿದ್ದಿದ್ದರೂ ಮಾಡಬೇಕಾದ್ದು ಅದೇ, ಮೇಲಿನದ್ದನ್ನು ಕೊಡವಿ, ಆಮೇಲೆ ನೀರು, ಮತ್ತೆ ನೀರು. ಎಣ್ಣೆಬಟ್ಟೆ ಏನು ಮಾಡಿತು? ಇದ್ದಲ್ಲೇ ಇರು ಎಂದು ತಿಕ್ಕಿತು, ಅಷ್ಟೆ. ಅಕ್ಷರ ಬಾರದ ಅಡುಗೆಯವರಿಗೆ ಗೊತ್ತಿತ್ತು. ಕಣ್ಣು ಉರಿಯುತ್ತಿದ್ದ ಹೆಂಗಸಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ನನಗೊಬ್ಬನಿಗೇ.

ಆಸ್ಪತ್ರೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊತ್ತು ಬಾಟಲಿಗಟ್ಟಲೆ ನೀರು ಬಿಟ್ಟು ತೊಳೆದರು. ಅಷ್ಟರಲ್ಲಿ ಯಾರೋ ಸುದ್ದಿ ಮುಟ್ಟಿಸಿ ಅಣ್ಣ ಓಡಿ ಬಂದಿದ್ದ, ಮೈಮೇಲೆ ಇನ್ನೂ ಅಡುಗೆಯ ಪಂಚೆ. ಡಾಕ್ಟರು ಹಿರಿಯ ಬಂಗಾಳಿ, ಮುಖ ಗಂಟು ಹಾಕಿಕೊಂಡು ಹೊರಬಂದರು. ಬಲಗಣ್ಣು ಹೋಯಿತು ಎಂದು ತಿಳಿಯಿರಿ, ಎಡಗಣ್ಣಿನಲ್ಲಿ ಮಸುಕಾಗಿ ಒಂದಿಷ್ಟು ಉಳಿದೀತು ಅಂದರು. ಆಮೇಲೆ ನಮ್ಮಿಬ್ಬರನ್ನೂ ನೋಡಿ ಕೇಳಿದರು: "ಜೋಲ್ ದಾವ್‌ನಿ ಕ್ಯಾನೋ?" ನೀರು ಯಾಕೆ ಹಾಕಲಿಲ್ಲ? ಕೂಡಲೇ ತೊಳೆದಿದ್ದರೆ ಎಡಗಣ್ಣಾದರೂ ಪೂರ್ತಿ ಉಳಿಯುತ್ತಿತ್ತು, ಮನೆಯಲ್ಲಿ ನೀರಿರಲಿಲ್ಲವೇ?

ಅಣ್ಣ ನನ್ನ ಕಡೆ ತಿರುಗಿದ.  ಬಾಗಿಲು ತೆರೆದೇ ಇತ್ತು. ಒಳಗೆ ಮಂಚದ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಅತ್ತಿಗೆ, ತರಕಾರಿ ಮಾರುಕಟ್ಟೆಯಲ್ಲಿ ಕಲಿತ ತಮ್ಮ ಬಂಗಾಳಿಯಲ್ಲಿ ಹೇಳಿದರು: "ಆಮಿ ಮಾನಾ ಕೊರೇಛಿ." ನಾನೇ ಬೇಡ ಅಂದೆ. ಆಮೇಲೆ ಅಣ್ಣನಿಗೆ ಕೇಳುವ ಹಾಗೆ ಕನ್ನಡದಲ್ಲಿ, "ಇವ ಹಾಕ್ಲಿಕ್ಕೆ ಬಂದ. ನಾನೇ ಹೆದ್ರಿ ಬಿಡ್ಲಿಲ್ಲ" ಅಂದರು.

ನಾನು ಆಗ ಹೇಳಬೇಕಿತ್ತು. ಇಪ್ಪತ್ತೈದು ದಾಟಿದ ಗಂಡಸು, ಬಾಯಿದ್ದವನು, ಇಲ್ಲ ಅಣ್ಣಾ, ನಾನು ತಡೆದೆ ಅನ್ನಬೇಕಿತ್ತು. ಹೇಳಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡೆ.

ಸುಣ್ಣ ಸಿಡಿದದ್ದಕ್ಕೆ ಅಣ್ಣ ನನಗೆ ಬೈದ, ಕುಲುಮೆಯನ್ನೂ ಬಿ.ಎಸ್ಸಿ.ಯನ್ನೂ ಸೇರಿಸಿ ಬೈದ. ಎರಡು ವಾರ ನನ್ನ ಮುಖ ನೋಡಲಿಲ್ಲ. ಆಮೇಲೆ, ಗ್ರಹಚಾರ, ಬೇಕೂಂತ ಮಾಡಿದ್ದಾ ಎಂದು ತಾನೇ ಸಮಾಧಾನ ಮಾಡಿಕೊಂಡ. ಸಿಡಿದದ್ದನ್ನು ಕ್ಷಮಿಸಿದ. ನೀರನ್ನು ಮಾತ್ರ ಅವನು ಕ್ಷಮಿಸಲೇ ಇಲ್ಲ. ಆ ತಪ್ಪು ಅತ್ತಿಗೆಯ ತಲೆಯ ಮೇಲೆ ಕೂತಿತ್ತು.

ಅತ್ತಿಗೆ ಮನೆಗೆ ಬಂದು ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಮತ್ತೆ ಮೂಲೆಯ ಮೇಜಿಗೆ ಬಂದು ಕೂತರು. ಇನ್‌ಲ್ಯಾಂಡ್ ಲೆಟರನ್ನು ಎಡಗಣ್ಣಿನ ಹತ್ತಿರ ಹಿಡಿದು ಬರೆಯಲು ನೋಡಿದರು. ಸಾಲಿನ ಮೇಲೆ ಸಾಲು ಹತ್ತಿತು. ಎರಡನೇ ವಾರವೂ ನೋಡಿದರು. ಮೂರನೇ ವಾರ ನನ್ನನ್ನು ಕರೆದು, "ಬಾ, ನೀನು ಬರಿ. ಒತ್ತಕ್ಷರ ತಪ್ಪಿಸ್ಬೇಡ" ಎಂದು ಪೆನ್ನು ಕೊಟ್ಟರು. ನಾನು ಬರೆಯಲು ಕೂತೆ. ಕೆಲಸದವರು ಬಂದು ನಿಂತು, "ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ, ಅಷ್ಟೇ ಸಾಕು ಮಾರಾಯ್ರೆ" ಎಂದು ಹೋಗಿಬಿಡುತ್ತಿದ್ದರು. ಅತ್ತಿಗೆಗೆ ಹೇಳುತ್ತಿದ್ದದ್ದನ್ನು ನನಗೆ ಯಾರು ಹೇಳುತ್ತಾರೆ? ಆರು ತಿಂಗಳೊಳಗೆ ಆ ಭಾನುವಾರಗಳು ನಿಂತೇಹೋದವು. ಮೂಲೆಯ ಮೇಜನ್ನು ಅಣ್ಣ ಗಿರಾಕಿಗಳಿಗೆ ಬಿಟ್ಟುಕೊಟ್ಟ.

ಅಣ್ಣ ಕೆಟ್ಟವನಲ್ಲ. ಅವನ ಪ್ರೀತಿಗೆ ಬಾಯಿ ಇದ್ದದ್ದೇ ಬೈಗುಳದಲ್ಲಿ. ಅತ್ತಿಗೆ ಬಡಿಸುವಾಗ ಸಾರು ಎಲೆಯ ಹೊರಗೆ ಬಿದ್ದರೆ, ಮೆಟ್ಟಿಲು ತಪ್ಪಿ ಮೊಣಕಾಲು ತರಚಿದರೆ, ಬಟಾಟೆ ಹೆಚ್ಚುವಾಗ ಬೆರಳು ಕೊಯ್ದರೆ, ಅವನ ಎದೆ ಉರಿಯುತ್ತಿತ್ತು. ಉರಿದಾಗಲೆಲ್ಲ ಅದೇ ಮಾತು: "ಆವತ್ತು ನೀರು ಹಾಕಿಸ್ಕೊಳ್ಲಿಕ್ಕೆ ಎಂತ ಧಾಡಿ ನಿಂಗೆ? ಹಠಮಾರಿ! ಕೈಯಾರೆ ಕಣ್ಣು ಕಳ್ಕೊಂಡಿ!" ಮನೆಗೆ ಬಂದವರಿಗೂ ಹೇಳುವನು, "ಇವ ಬಕೆಟು ಹಿಡ್ಕೊಂಡು ನಿಂತಿದ್ನಂತೆ, ಇವಳು ಬಿಡ್ಲಿಲ್ಲ ಮಾರಾಯ್ರೆ, ಕತ್ತೆಯ ಹಠ." ಬಂದವರು ಅಯ್ಯೋ ಪಾಪ ಅನ್ನುವರು, ಕೆಲವರು ಅತ್ತಿಗೆಗೇ ಬುದ್ಧಿ ಹೇಳುವರು. ಅತ್ತಿಗೆ ಸುಮ್ಮನೆ ಲೋಟ ಎತ್ತಿಕೊಂಡು ಒಳಗೆ ಹೋಗುವರು. ನಾನು ಅಲ್ಲೇ ಕೂತು ಉಪ್ಪಿಟ್ಟು ತಿನ್ನುತ್ತಿದ್ದೆ. ಹೌದು, ತಿನ್ನುತ್ತಿದ್ದೆ. ಗಂಟಲಲ್ಲಿ ಇಳಿಯುತ್ತಿತ್ತು ಕೂಡ.

ಒಮ್ಮೆ ಕನ್ನಡದವರು ಹತ್ತಿಪ್ಪತ್ತು ಮನೆ ಸೇರಿದ್ದ ಗಣೇಶನ ಹಬ್ಬದಲ್ಲಿ, ಬಡಿಸುವ ವಿಷಯಕ್ಕೆ ಜಗಳ ಬಂದು ಒಬ್ಬಾಕೆ, "ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಮಾಡ್ಬೇಡಿ" ಅಂದುಬಿಟ್ಟರು. ಅಂದ ಮೇಲೆ ಅತ್ತಿಗೆಯ ಕಡೆ ನೋಡಿ ನಾಲಗೆ ಕಚ್ಚಿಕೊಂಡರು. ಅತ್ತಿಗೆ ನಗುತ್ತಾ, "ಎರಡಕ್ಕೂ ಸುಣ್ಣವೇ ಬಿದ್ರೆ ಭೇದಭಾವ ಇಲ್ಲ ನೋಡಿ" ಅಂದರು. ಎಲ್ಲರೂ ನಕ್ಕು ಹಗುರಾದರು. ನಾನು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತೆ.

ಹೇಳಬೇಕು ಎಂದು ಒಂದು ಸಲ ನಿಜವಾಗಿಯೂ ಹೊರಟಿದ್ದೆ. ಎರಡು ಮೂರು ವರ್ಷ ಕಳೆದಿತ್ತು. ಬಕೆಟ್ಟು ಎತ್ತಿದ ಅಡುಗೆಯವರು ಆಗಲೇ ಊರಿಗೆ ಮರಳಿದ್ದರು. ಅವರ ಬಾಯಿಗೂ ಅತ್ತಿಗೆಯೇ ಆಣೆ ಹಾಕಿಸಿ ಬೀಗ ಜಡಿದಿದ್ದರು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅಣ್ಣ ಅದೇ ರಾಗ ಎಳೆದ. ನಾನು ಕೈಯ ತುತ್ತು ಎಲೆಯಲ್ಲಿಟ್ಟು, "ಅಣ್ಣಾ, ಆವತ್ತು..." ಅಂದೆ. ಅತ್ತಿಗೆ ಒಳಗಿನಿಂದಲೇ, "ಹೋಯ್, ಒಗ್ಗರಣೆಗೆ ಬೇವಿನಸೊಪ್ಪಿಲ್ಲ, ಓಡಿ ಹೋಗಿ ತಾ" ಎಂದು ಕೂಗಿದರು. ಉಣ್ಣುವವನನ್ನು ಎಬ್ಬಿಸಿ ಯಾರಾದರೂ ಕರಿಬೇವಿಗೆ ಕಳಿಸುತ್ತಾರಾ? ಎದ್ದು ಹೋದೆ. ತಂದುಕೊಟ್ಟಾಗ ಅಣ್ಣ ಉಂಡು ಕೆಳಗಿಳಿದಿದ್ದ.

"ಈಗ ಹೇಳಿ ಎಂತ ಮಾಡ್ತಿ? ಕಣ್ಣು ಬರ್ತದಾ?" ಅಂದರು ಅತ್ತಿಗೆ.

"ನಿಮ್ಗೆ ದಿನಾ ಬೈತಾನಲ್ಲ ಅತ್ತಿಗೆ."

"ನಾನು ಹೆಂಡ್ತಿ. ಬೈತಾರೆ, ಉಣ್ತಾರೆ, ಮಲಗ್ತಾರೆ. ನೀನು ಅಂತ ಗೊತ್ತಾದ್ರೆ ಆವತ್ತೇ ಮನೆಯಿಂದ ಅಟ್ಟಿಯಾರು. ಆಮೇಲೆ ಜನ್ಮ ಇಡೀ ತಮ್ಮ ತಮ್ಮ ಅಂತ ಕೊರಗುವವ್ರೂ ಅವ್ರೇ. ಅದನ್ನ ನೋಡ್ಲಿಕ್ಕೆ ನಂಗಾಗುದಿಲ್ಲ." ಸೊಪ್ಪಿನ ಕಟ್ಟು ಬಿಚ್ಚುತ್ತ ಹೇಳಿದರು: "ನಂಗೆ ಸಿಟ್ಟಿಲ್ಲ ಅಂತ ತಿಳ್ಕೊಳ್ಬೇಡ. ಕೆಲವು ದಿನ ಬೆಳಿಗ್ಗೆ ಎದ್ದ ಕೂಡ್ಲೇ ನಿನ್ನ ಕೆನ್ನೆಗೆ ಎರಡು ಬಾರಿಸುವ ಅಂತ ಕಾಣ್ತದೆ. ಮೂರು ಸಲ ಕೂಗಿದೆನಲ್ಲೋ ನಾನು."

ಬಾರಿಸಿ ಅತ್ತಿಗೆ ಅಂದೆ. ಅವರು ಬಾರಿಸಲಿಲ್ಲ, ಸೊಪ್ಪು ಬಿಡಿಸಲು ಕೂತರು. ಬೇವಿನಸೊಪ್ಪಿಗೆ ಕಣ್ಣು ಬೇಕಾಗುವುದಿಲ್ಲ, ಬೆರಳು ಸಾಕು. ನಿಜ ಹೇಳುತ್ತೇನೆ, ಅವರು ತಡೆದದ್ದಕ್ಕೆ ನನಗೆ ಸಮಾಧಾನವೇ ಆಯಿತು. ನಾನು ಹೇಳಲು ಹೋದೆ, ಅವರೇ ಬೇಡ ಅಂದರು, ಇನ್ನು ನನ್ನದೇನು ತಪ್ಪು ಎಂದು ಆಮೇಲಿನ ವರ್ಷಗಳನ್ನೆಲ್ಲ ಆ ಬೇವಿನಸೊಪ್ಪಿನ ಮೇಲೆ ತಳ್ಳಿದೆ. ನನ್ನಂಥ ಹೇಡಿಗೆ ಅಷ್ಟು ನೆಪ ಧಾರಾಳ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ಚಳಿಗಾಲದಲ್ಲಿ ಅತ್ತಿಗೆಗೆ ನ್ಯುಮೋನಿಯಾ ಆಯಿತು. ನಾಲ್ಕೇ ದಿನ. ಮೂರನೇ ದಿನ ಅಣ್ಣ ಮಾತ್ರೆ ಕೊಡುವಾಗ ನೀರು ಅವರ ಗಲ್ಲದ ಮೇಲೆ ಚೆಲ್ಲಿತು. "ನೀರಿಗೂ ನಿಂಗೂ ಆಗಿಬರುದೇ ಇಲ್ಲ ಅಲ್ವಾ" ಅಂದ ಅಣ್ಣ. ಅವನಿಗೆ ಅದು ತಮಾಷೆ, ಗದರುವ ಧ್ವನಿಯಲ್ಲೇ ಮಾಡಿದ ತಮಾಷೆ.  ಅವನು ಅವರಿಗೆ ಆಡಿದ ಕೊನೆಯ ಪೂರ್ತಿ ವಾಕ್ಯ ಅದೇ. ಮರುದಿನ ಅವರಿಗೆ ಎಚ್ಚರವಿರಲಿಲ್ಲ, ಸಂಜೆಗೆ ಹೋಗಿಬಿಟ್ಟರು.

ಹದಿಮೂರು ದಿನ ಹೋಟೆಲು ಮುಚ್ಚಿತ್ತು. ಶುಭಸ್ವೀಕಾರ ಮುಗಿದು, ಊರಿಂದ ಬಂದ ನಾಲ್ಕು ಜನ ಹೌರಾದಲ್ಲಿ ರೈಲು ಹತ್ತಿದ ಮೇಲೆ, ಮಧ್ಯಾಹ್ನ ನಾನೂ ಅಣ್ಣನೂ ಖಾಲಿ ಹೋಟೆಲಿನಲ್ಲಿ ಎದುರುಬದುರು ಕೂತಿದ್ದೆವು. ನಾವು ಕೂತ ಎರಡನ್ನು ಬಿಟ್ಟು ಉಳಿದ ಕುರ್ಚಿಗಳನ್ನೆಲ್ಲ ಮೇಜುಗಳ ಮೇಲೆ ಕವುಚಿ ಇಟ್ಟಿದ್ದರು. ಅಣ್ಣ ಅತ್ತಿರಲಿಲ್ಲ. ಹದಿಮೂರು ದಿನವೂ ಬಂದವರಿಗೆ ಬಡಿಸುವುದು, ಪುರೋಹಿತರಿಗೆ ಜೋಡಿಸುವುದು, ಇದರಲ್ಲೇ ಇದ್ದ.

"ನಾನು ಮನೆಯಲ್ಲಿದ್ದಿದ್ರೆ ಆವತ್ತು ಅವಳ ಜುಟ್ಟು ಹಿಡ್ದು ನಲ್ಲಿಯ ಕೆಳಗೆ ಇಡ್ತಿದ್ದೆ. ಬೇಡ ಅನ್ಲಿಕ್ಕೆ ಬಿಡ್ತಿರ್ಲಿಲ್ಲ. ಹಠ ಮಾಡಿ ಕಣ್ಣು ಕಳ್ಕೊಂಡು ಹತ್ತು ವರ್ಷ ಕತ್ತಲೆಯಲ್ಲಿ ತಡಕಾಡಿ ಹೋದ್ಳು" ಅಂದ.

ಸತ್ತ ಮೇಲೂ ಅವರ ಮೇಲೆ ಅದು ಉಳಿಯಬಾರದು ಅನಿಸಿತು. ಅಥವಾ ಅಷ್ಟು ಒಳ್ಳೆಯದೇನೂ ಅಲ್ಲದಿರಬಹುದು, ನನ್ನ ಹೊಟ್ಟೆಯೊಳಗೆ ಅದು ಇನ್ನು ಹಿಡಿಸಲಿಲ್ಲ, ಅಷ್ಟೇ ಇರಬಹುದು. "ಅಣ್ಣಾ, ಅತ್ತಿಗೆ ಬೇಡ ಅನ್ಲಿಲ್ಲ. ಬಕೆಟು ತಂದವ್ರನ್ನ ತಡೆದವ ನಾನು" ಅಂದೆ. ಎಲ್ಲ ಹೇಳಿದೆ. ರಸಾಯನಶಾಸ್ತ್ರ ಬಿಟ್ಟು ಎಲ್ಲ ಹೇಳಿದೆ.

ಅವನು ಎದ್ದು ಹೊಡೆಯುತ್ತಾನೆ ಅಂದುಕೊಂಡಿದ್ದೆ. ಏಳಲಿಲ್ಲ.

"ನೀರು ಕೇಳಿದ್ಳಾ ಅವಳು?"

"ಕೇಳಿದ್ರು."

"ಎಷ್ಟು ಸಲ?"

"ಮೂರು ಸಲ."

"ಮತ್ತೆ ಯಾಕೆ ಹಾಗೆ ಹೇಳಿದ್ಳು?"

"ನೀನು ನನ್ನನ್ನ ಅಟ್ಟಿಯೆ ಅಂತ."

ಅಣ್ಣ ಮೇಜಿನ ಮೇಲಿದ್ದ ತನ್ನ ಕೈಗಳನ್ನು ಮಡಿಲಿಗೆ ಎಳೆದುಕೊಂಡ.  ಆಮೇಲೆ ಅವನು, ನನಗೆ ಬುದ್ಧಿ ತಿಳಿದಂದಿನಿಂದ ಯಾವಾಗಲೂ ಏರಿಯೇ ಇರುತ್ತಿದ್ದ ಆ ಧ್ವನಿಯನ್ನು ತಗ್ಗಿಸಿ, ನಿಜವಾಗಿಯೂ ಗೊತ್ತಿಲ್ಲದೆ ಕೇಳುವವನ ಹಾಗೆ ಕೇಳಿದ:

"ಹತ್ತು ವರ್ಷ ಬೈದೆನಲ್ಲೋ ಅವಳಿಗೆ. ಅದನ್ನೆಲ್ಲ ಈಗ ಯಾರ ಹತ್ರ ವಾಪಸ್ ತಗೊಳ್ಳಿ ನಾನು?"